ಬಚ್ಚಲ ದೀಪದಿಂದ ಪೆನಿಂಜಾವ್ ಗುಡ್ಡಕ್ಕೆ

ನಮ್ಮನೆ ಬಚ್ಚಲಿನ ಹೊರಗೋಡೆಗೆ ಒಂದು ಟ್ಯೂಬ್‌ಲೈಟ್ ಇದೆ. ಮಳೆಗಾಲ ಹಿಡಿದ ಮೇಲೆ ಸಂಜೆ ಏಳಕ್ಕೆ ಅದನ್ನು ಹಾಕಿಟ್ಟರೆ ಒಂಬತ್ತರ ಹೊತ್ತಿಗೆ ಸುಣ್ಣದ ಗೋಡೆ ತುಂಬ ಪತಂಗಗಳು. ಅವನ್ನು ಎಣಿಸಿ, ಆಕಾಶ ಹೇಗಿತ್ತು, ಮಳೆ ಎಷ್ಟಿತ್ತು ಅಂತ ಪಕ್ಕದಲ್ಲಿ ಬರೆದಿಡುವುದು ನನಗೆ ಹತ್ತು ವರ್ಷದಿಂದ ಅಂಟಿದ ಚಟ. ಮನೆಯಲ್ಲಿ ಇದಕ್ಕೆ 'ಹುಳದ ಲೆಕ್ಕ' ಅಂತ ಹೆಸರಿಟ್ಟಿದ್ದಾರೆ. ಇದೇ ಲೆಕ್ಕವನ್ನು ಇದೇ ಥರ ಬರೆದವನು ಇನ್ನೊಬ್ಬನಿದ್ದ, ಅವನ ಪಟ್ಟಿಯನ್ನು ಜನ ಇವತ್ತಿಗೂ ಓದುತ್ತಾರೆ ಅಂತ ಗೊತ್ತಾದಾಗಿನಿಂದ ಆ ಜಾಗ ಒಮ್ಮೆ ನೋಡಬೇಕು ಅಂತಿತ್ತು. ಬರೆದವನು ಆಲ್ಫ್ರೆಡ್ ರಸೆಲ್ ವ್ಯಾಲೇಸ್, ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ನಿಸರ್ಗಶಾಸ್ತ್ರಜ್ಞ. ಜಾಗ ಬೋರ್ನಿಯೋ ದ್ವೀಪದ ಸರವಾಕ್, ಈಗ ಮಲೇಷ್ಯಾದ ಒಂದು ರಾಜ್ಯ.

ಜೊತೆಗೆ ಹೊರಟವರು ಭಾವ. ಅಕ್ಕನ ಗಂಡ, ಸಾಗರದ ಕಡೆ ಅಡಿಕೆ ತೋಟ. ವ್ಯಾಲೇಸ್ ಯಾರು ಅಂತ ಅವರಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕು ಅಂತಲೂ ಇರಲಿಲ್ಲ. ಆದರೆ ಸರವಾಕ್ ಅಂದ ಕೂಡಲೇ ಕಿವಿ ನೆಟ್ಟಗಾಯಿತು. "ಕಾಳುಮೆಣಸಿನ ಊರಲ್ವನೋ ಅದು? ನಾನೂ ಬರ್ತೆ" ಅಂದವರು ಡಿಸೆಂಬರ್ ಕೊಯ್ಲನ್ನು ಮಗನ ಕುತ್ತಿಗೆಗೆ ಕಟ್ಟಿ ಹೊರಟೇಬಿಟ್ಟರು.

ಮೊದಲ ದಿನ: ಕುಚಿಂಗ್

ಬೆಂಗಳೂರಿನಿಂದ ಕೌಲಾಲಂಪುರ, ಅಲ್ಲಿಂದ ಕುಚಿಂಗ್. ಅದರ ಬಗ್ಗೆ ಹೇಳೋದಕ್ಕೆ ಹೆಚ್ಚೇನಿಲ್ಲ. ಒಂದು ಮಾತ್ರ: ಸರವಾಕ್‌ಗೆ ತನ್ನದೇ ವಲಸೆ ತಪಾಸಣೆ ಇದೆ. ಅದೇ ದೇಶದೊಳಗಿನ ವಿಮಾನವಾದರೂ ಇಳಿದ ಮೇಲೆ ಮತ್ತೆ ಸಾಲು, ಮತ್ತೆ ಪಾಸ್‌ಪೋರ್ಟ್, ಮತ್ತೆ ಮುದ್ರೆ. ಮುಂದಿನ ವಿಮಾನಕ್ಕೆ ಓಡುವ ಅವಸರದಲ್ಲಿ ಪಾಸ್‌ಪೋರ್ಟನ್ನು ಚೀಲದ ತಳಕ್ಕೆ ತುರುಕಿದ್ದ ಭಾವ ಆ ಸಾಲಿನಲ್ಲೇ ಕೂತು ಲುಂಗಿ, ಟವೆಲು, ಅಕ್ಕ ಕಟ್ಟಿಕೊಟ್ಟ ಚಕ್ಕುಲಿ ಡಬ್ಬಿ ಎಲ್ಲವನ್ನೂ ಹೊರಗಿಟ್ಟರು.

ಹೊರಗೆ ಬಂದರೆ ಮಳೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಇಲ್ಲಿ ಜೋರು ಮಳೆ, ವರ್ಷಕ್ಕೆ ಸುಮಾರು 4,000 ಮಿಲಿಮೀಟರ್. ಈ ಕಾಲದಲ್ಲಿ ಯಾಕೆ ಬಂದಿರಿ ಅಂತ ಟ್ಯಾಕ್ಸಿಯವನೂ ಕೇಳಿದ, ಹೋಟೆಲಿನವರೂ ಕೇಳಿದರು. ವ್ಯಾಲೇಸ್ ಮಳೆಗಾಲದಲ್ಲೇ ಕೂತು ಬರೆದ, ಮಳೆರಾತ್ರಿಗಳಲ್ಲೇ ಪತಂಗ ಹಿಡಿದ, ಅದಕ್ಕೇ ಬಂದೆವು ಅಂತ ಹೇಳಿದರೆ ಅರ್ಥವಾಗುವ ಹಾಗಿರಲಿಲ್ಲ. ಭಾವನೇ ಉತ್ತರ ಕೊಟ್ಟರು: "ನಮ್ಮೂರಲ್ಲಿ ಈಗ ಮಳೆ ಇಲ್ಲ, ಅದಕ್ಕೆ."

ಸಂಜೆ ಮಳೆ ಬಿಟ್ಟ ಮೇಲೆ ನದಿದಂಡೆಗೆ ಹೋದೆವು. ಸರವಾಕ್ ನದಿ ನಮ್ಮ ಮಳೆಗಾಲದ ಹೊಳೆಯ ಬಣ್ಣದ್ದೇ, ಹಾಲು ಕಡಿಮೆ ಹಾಕಿದ ಚಹಾದ ಬಣ್ಣ. ದಾಟೋದಕ್ಕೆ ಒಳ್ಳೆ ಕಾಲುಸೇತುವೆ ಇದೆ, ಆದರೆ ಮಾಡು ಕಟ್ಟಿದ ಪುಟ್ಟ ದೋಣಿಯಲ್ಲಿ ಹೋಗುವುದೇ ಚಂದ. ಚಿಲ್ಲರೆ ಕೈಯಲ್ಲಿ ಹಿಡಿದುಕೊಂಡೇ ಹತ್ತಬೇಕು, ದೊಡ್ಡ ನೋಟು ತೋರಿಸಿದರೆ ಅಂಬಿಗ ನಗುತ್ತಾನೆ. ಆಚೆ ದಡದಲ್ಲಿ ಅಸ್ತಾನಾ ಅರಮನೆ. ಇದು 1870ರದ್ದು. ಇದಕ್ಕೂ ಮುಂಚೆ ಆ ದಡದಲ್ಲೇ ಜೇಮ್ಸ್ ಬ್ರೂಕ್ ಮನೆ ಇತ್ತು. ಬ್ರೂಕ್ ಅಂದರೆ ಇಂಗ್ಲೆಂಡಿನಿಂದ ಬಂದು 1841ರಲ್ಲಿ ಸರವಾಕಿನ ರಾಜನೇ ಆಗಿಬಿಟ್ಟ ಆಸಾಮಿ. 1854ರ ನವೆಂಬರಿನಲ್ಲಿ ವ್ಯಾಲೇಸ್ ಬಂದಿಳಿದದ್ದು ಈತನ ಅತಿಥಿಯಾಗಿ.

ದಂಡೆಯ ಅಂಗಡಿಯಲ್ಲಿ ಮೂರು ಪದರದ ಚಹಾ ಸಿಗುತ್ತದೆ. ತಳದಲ್ಲಿ ಬೆಲ್ಲದ ಪಾಕ, ಮಧ್ಯೆ ಹಾಲು, ಮೇಲೆ ಚಹಾ. ಬೆಲ್ಲ ನಿಪಾ ಅನ್ನುವ ತಾಳೆಜಾತಿಯ ಗಿಡದ್ದು. ಭಾವ ತಳವನ್ನು ಚಮಚದಲ್ಲಿ ಮುಟ್ಟಿ ನೋಡಿ "ಜೋನಿ ಬೆಲ್ಲ!" ಅಂದರು. ಆಮೇಲೆ ಐದು ದಿನವೂ ಅವರಿಗೆ ಅದೇ ಬೇಕು. ಊಟದ ವಿಷಯದಲ್ಲಿ ನಮ್ಮಂಥ ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಬರೀ ಸೊಪ್ಪಿನ ಪಲ್ಯಕ್ಕೂ ಬೆಲಾಚಾನ್ ಅನ್ನುವ ಒಣಸಿಗಡಿ ಉಂಡೆ ಹಾಕುತ್ತಾರೆ. ಹೇಳಿದರೆ ಬಿಡುತ್ತಾರೆ, ಹೇಳದಿದ್ದರೆ ಬಟ್ಟಲಿಗೆ ಬಂದೇ ಬರುತ್ತದೆ. ಮಿದಿನ್ ಅಂತ ಒಂದು ಕಾಡುಜರಿಯ ಚಿಗುರು ಇದೆ. ಬೆಳ್ಳುಳ್ಳಿ ಹಾಕಿ ಬಾಡಿಸಿದ್ದನ್ನು ತಿಂದೆವು. ಕಳಲೆಗೂ ಕೆಸುವಿನ ಸುರುಳಿಗೂ ನಡುವಿನ ರುಚಿ.

ತಿನ್ನುತ್ತ ಭಾವನಿಗೆ ವ್ಯಾಲೇಸನ ಜಾತಕ ಹೇಳಿದೆ. 1823ರಲ್ಲಿ ವೇಲ್ಸಿನ ಅಸ್ಕ್ ಅನ್ನುವ ಊರಿನ ಹತ್ತಿರ ಹುಟ್ಟಿದ್ದು. ಮನೆಯಲ್ಲಿ ದುಡ್ಡಿಲ್ಲ, ಹದಿನಾಲ್ಕಕ್ಕೇ ಶಾಲೆ ಬಿಟ್ಟ, ಅಣ್ಣನ ಜೊತೆ ಭೂಮಾಪನದ ಕೆಲಸ ಮಾಡಿದ. 1848ರಲ್ಲಿ ಗೆಳೆಯ ಬೇಟ್ಸ್ ಜೊತೆ ಅಮೆಜಾನ್ ಕಾಡಿಗೆ ಹೋಗಿ ನಾಲ್ಕು ವರ್ಷ ಹುಳ, ಹಕ್ಕಿ ಹಿಡಿದ. ವಾಪಸು ಬರುವಾಗ ನಡುಸಮುದ್ರದಲ್ಲಿ ಹಡಗಿಗೇ ಬೆಂಕಿ. ಜೊತೆಗೆ ತಂದಿದ್ದ ಸಂಗ್ರಹವೆಲ್ಲ ಕಣ್ಣೆದುರೇ ಬೂದಿ. ಹತ್ತು ದಿನ ತೆರೆದ ದೋಣಿಯಲ್ಲಿ ಕೂತಿದ್ದು ಬದುಕಿದ.

"ಆಮೇಲೆ ಸುಮ್ಮನಾದ್ನಾ?"

"ಎರಡು ವರ್ಷಕ್ಕೆ ಇಲ್ಲಿಗೆ ಬಂದ."

ಭಾವ ಜರಿಯ ಕೊನೆಯ ಸುರುಳಿ ಬಾಯಿಗಿಟ್ಟುಕೊಂಡು, "ಅಡಿಕೆಗೆ ಕೊಳೆ ಬಂದ ವರ್ಷ ಹೀಗೇ ಆಗೋದು. ಮುಂದಿನ ವರ್ಷ ಮತ್ತೆ ಔಷಧಿ ಹೊಡೀತೀವಲ್ಲ" ಅಂದರು.

ಎರಡನೇ ದಿನ: ಸಂತುಬೊಂಗ್

ಕುಚಿಂಗಿನಿಂದ ಉತ್ತರಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರ್ ಹೋದರೆ ಸಮುದ್ರ. ಅಲ್ಲಿ ಸಂತುಬೊಂಗ್ ಅನ್ನುವ ಒಂಟಿ ಬೆಟ್ಟ ನಿಂತಿದೆ, ಎತ್ತರ 810 ಮೀಟರ್. ದೂರದಿಂದ ಮಲಗಿದ ಹೆಂಗಸಿನ ಮುಖದ ಹಾಗೆ ಕಾಣುತ್ತದೆ, ಅದಕ್ಕೊಂದು ರಾಜಕುಮಾರಿಯ ಕಥೆಯೂ ಇದೆ. ನಮಗೆ ಮುಖವೂ ಕಾಣಲಿಲ್ಲ, ಮೂಗೂ ಕಾಣಲಿಲ್ಲ. ಬೆಟ್ಟದ ಮುಕ್ಕಾಲು ಪಾಲನ್ನು ಮೋಡ ನುಂಗಿತ್ತು. ತುದಿಗೆ ಹತ್ತುವವರು ಬೆಳಿಗ್ಗೆ ಬೇಗ ಬರಬೇಕು, ಮೇಲಿನ ಭಾಗದಲ್ಲಿ ಹಗ್ಗ, ಏಣಿ ಹಿಡಿದು ಏರಬೇಕು. ಈ ಮಳೆಯಲ್ಲಿ ಅದರ ಮಾತೇ ಇಲ್ಲ ಅಂತ ಕೆಳಗಿನ ಕಾಡುದಾರಿಯಲ್ಲಿ ಒಂದು ಗಂಟೆ ಅಡ್ಡಾಡಿ, ಬೆಟ್ಟದ ಬುಡದ ಮೀನುಗಾರರ ಹಳ್ಳಿಗೆ ಇಳಿದೆವು.

ನೋಡೋದಕ್ಕೆ ಅಲ್ಲಿ ಏನೂ ಇಲ್ಲ. ಕಾಲು ಕೊಟ್ಟು ಎತ್ತರಿಸಿದ ಮರದ ಮನೆಗಳು, ಒಣಗಿಸಿದ ಬಲೆ, ಮಣ್ಣಿನ ಬಣ್ಣದ ನದಿ ಸಮುದ್ರಕ್ಕೆ ಸೇರುವ ಜಾಗ. ವ್ಯಾಲೇಸ್ ಇದ್ದ ಪುಟ್ಟ ಮನೆ ಉಳಿದಿಲ್ಲ. ಆದರೆ 1855ರ ಫೆಬ್ರವರಿಯಲ್ಲಿ ಇಂಥದ್ದೇ ಮಳೆಯಲ್ಲಿ, ಇಲ್ಲೇ ಎಲ್ಲೋ ಕೂತು ಅವನು ಒಂದು ಲೇಖನ ಬರೆದ. ಹೊರಗೆ ಹೋಗೋ ಹಾಗಿಲ್ಲ, ಮಾತಾಡೋದಕ್ಕೆ ಜನ ಇಲ್ಲ, ಜೊತೆಗೆ ಅಡುಗೆಗೊಬ್ಬ ಮಲಯ್ ಹುಡುಗ ಮಾತ್ರ. ಆ ಹುಡುಗನ ಹೆಸರನ್ನು ವ್ಯಾಲೇಸ್ ಹೇಳಿಲ್ಲ.

ಲೇಖನದ ತಿರುಳು ಒಂದೇ ವಾಕ್ಯ. ಪ್ರತಿಯೊಂದು ಪ್ರಭೇದವೂ ತನಗೆ ತೀರ ಹತ್ತಿರದ, ಮೊದಲೇ ಇದ್ದ ಇನ್ನೊಂದು ಪ್ರಭೇದದ ಜಾಗದಲ್ಲೇ, ಅದರ ಕಾಲಕ್ಕೆ ಹೊಂದಿಕೊಂಡೇ ಹುಟ್ಟಿ ಬಂದಿದೆ. ಅಂದರೆ ಜೀವಿಗಳು ಆಕಾಶದಿಂದ ಒಂದೊಂದಾಗಿ ಬಿದ್ದಿಲ್ಲ, ಒಂದು ಇನ್ನೊಂದರಿಂದ ಬಂದಿರಬೇಕು. ಹೇಗೆ ಬಂತು ಅನ್ನುವುದು ಅವನಿಗೆ ಆಗ ಹೊಳೆದಿರಲಿಲ್ಲ. ಇದನ್ನೇ ಈಗ 'ಸರವಾಕ್ ನಿಯಮ' ಅನ್ನುತ್ತಾರೆ.

ಕಾಫಿ ಅಂಗಡಿಯ ತಗಡಿನ ಮಾಡಿನ ಕೆಳಗೆ, ಮಳೆ ಸದ್ದಿಗೆ ಮೀರಿ ಕೂಗಿ ಕೂಗಿ ಇದನ್ನು ಹೇಳಿದೆ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಕಾಳುಮೆಣಸಿನ ಹತ್ತಿರದ ಸಂಬಂಧದ ಕಾಡುಮೆಣಸೆಲ್ಲ ನಮ್ಮ ಘಟ್ಟದಲ್ಲೇ ಸಿಗೋದು. ಹಿತ್ತಲಿನ ಕಾಡಿಗೆ ಹೋದ್ರೆ ಹತ್ತು ಥರ. ಇದನ್ನೇ ಅಲ್ವ ಅವ್ನು ಹೇಳಿದ್ದು?"

ಇದನ್ನೇ. ಪಾಠ ಮಾಡಿದ ಎಷ್ಟೋ ಮೇಷ್ಟ್ರುಗಳಿಗೆ ಸಿಗದ ಉದಾಹರಣೆ ಅದು.

"ಮತ್ತೆ ಇಲ್ಲಿಗೆ ಹೇಗೆ ಬಂತು ಮೆಣಸು?"

"ಜನ ತಂದದ್ದು."

"ಹಾಗಾದ್ರೆ ಸರಿ" ಅಂದು ಚಹಾಕ್ಕೆ ತಿರುಗಿದರು.

ಆ ಲೇಖನ ಸೆಪ್ಟೆಂಬರಿನಲ್ಲಿ ಲಂಡನ್ನಿನ ಒಂದು ವಿಜ್ಞಾನ ಪತ್ರಿಕೆಯಲ್ಲಿ ಬಂತು. ವ್ಯಾಲೇಸನ ಹುಳ, ಹಕ್ಕಿಗಳನ್ನು ಲಂಡನ್ನಿನಲ್ಲಿ ಮಾರಿಕೊಡುತ್ತಿದ್ದ ಸ್ಟೀವನ್ಸ್ ಅನ್ನುವ ದಲ್ಲಾಳಿ ಬರೆದದ್ದು ಏನು ಗೊತ್ತೆ? ಸಿದ್ಧಾಂತ ಗಿದ್ಧಾಂತ ಬಿಟ್ಟು ಮಾಹಿತಿ ಕಲೆಹಾಕಲಿ ಅಂತ ಅಲ್ಲಿನ ಕೆಲವರು ಹೇಳುತ್ತಿದ್ದಾರೆ ಅಂತ. ಆದರೆ ಭೂವಿಜ್ಞಾನಿ ಲಯೆಲ್ ಅದನ್ನು ಓದಿ ಬೆಚ್ಚಿದ. ಪ್ರಭೇದಗಳ ಬಗ್ಗೆ ತಾನೇ ಹೊಸ ಟಿಪ್ಪಣಿ ಪುಸ್ತಕ ತೆರೆದ, ಮರುವರ್ಷ ಡಾರ್ವಿನ್ ಮನೆಗೆ ಹೋದಾಗ ಬೇಗ ಬರೆದು ಪ್ರಕಟಿಸು ಅಂತ ಒತ್ತಾಯ ಮಾಡಿದ. ಡಾರ್ವಿನ್ ನಿಧಾನವಾಗಿಯೇ ಇದ್ದ. 1858ರಲ್ಲಿ ಈಗಿನ ಇಂಡೋನೇಷ್ಯಾದ ತೆರ್ನಾತೆ ದ್ವೀಪದಿಂದ ವ್ಯಾಲೇಸನದೇ ಕಾಗದ ಬಂತು. ಜ್ವರದಲ್ಲಿ ಮಲಗಿದ್ದವನಿಗೆ ಆ 'ಹೇಗೆ' ಅನ್ನುವುದೂ ಹೊಳೆದಿತ್ತು. ಡಾರ್ವಿನ್ ಇಪ್ಪತ್ತು ವರ್ಷದಿಂದ ಪ್ರಕಟಿಸದೆ ಇಟ್ಟುಕೊಂಡಿದ್ದ ನಿಸರ್ಗದ ಆಯ್ಕೆಯ ವಿಚಾರವೇ ಅದು: ಪರಿಸರಕ್ಕೆ ಹೊಂದುವ ಜೀವಿಗಳೇ ಹೆಚ್ಚು ಉಳಿದು ಸಂತತಿ ಬೆಳೆಸುತ್ತವೆ, ಹಾಗೇ ಪ್ರಭೇದ ನಿಧಾನಕ್ಕೆ ಬದಲಾಗುತ್ತದೆ ಅಂತ. ಜುಲೈ 1ರಂದು ಇಬ್ಬರ ಬರಹವನ್ನೂ ಲಂಡನ್ನಿನ ಲಿನ್ನಿಯನ್ ಸೊಸೈಟಿ ಅನ್ನುವ ವಿಜ್ಞಾನಿಗಳ ಸಂಘದಲ್ಲಿ ಓದಿದರು. ವ್ಯಾಲೇಸ್ ಆಗ ನ್ಯೂಗಿನಿಯಲ್ಲಿದ್ದ, ಅವನನ್ನು ಯಾರೂ ಕೇಳಲಿಲ್ಲ. ಅವನು ಬೇಜಾರೂ ಮಾಡಿಕೊಳ್ಳಲಿಲ್ಲ ಅನ್ನುವುದು ನನಗೆ ಇವತ್ತಿಗೂ ಅರಗದ ಸಂಗತಿ.

ವಾಪಸು ಬರುವಾಗ ರಸ್ತೆಬದಿಯಲ್ಲಿ ಡುರಿಯನ್ ರಾಶಿ. ಈ ಹಣ್ಣಿಗೂ ವ್ಯಾಲೇಸನಿಗೂ ನಂಟಿದೆ. ಮೊದಲ ಸಲ ಮಲಾಕದಲ್ಲಿ ವಾಸನೆಗೆ ಹೇಸಿ ದೂರ ಇಟ್ಟಿದ್ದವನು, ಬೋರ್ನಿಯೋದಲ್ಲಿ ಮರದಿಂದ ತಾನಾಗಿ ಬಿದ್ದ ಹಣ್ಣನ್ನು ಬಯಲಲ್ಲಿ ಕೂತು ತಿಂದು ಪಕ್ಕಾ ಭಕ್ತನಾದ. ಇದನ್ನು ತಿನ್ನೋದಕ್ಕೇ ಪೂರ್ವದೇಶಕ್ಕೆ ಹಡಗು ಹತ್ತಬಹುದು ಅಂತ ಬರೆದ. ಅವನ ದಾರಿಯೇ ಸರಿ: ಅಂಗಡಿಯ ಮುಂದೆಯೇ ಕೂತು ತಿನ್ನಿ. ಹೋಟೆಲಿಗೆ ಒಯ್ದರೆ ದಂಡ ಹಾಕುತ್ತಾರೆ, ಲಿಫ್ಟಿನಲ್ಲೇ ಡುರಿಯನ್ ಚಿತ್ರಕ್ಕೆ ಕೆಂಪು ಗೀಟು ಎಳೆದು ಅಂಟಿಸಿದ್ದರು. ಭಾವ ಒಂದು ತೊಳೆ ತಿಂದು, "ಬಕ್ಕೆ ಹಲಸಲ್ಲ, ಅಂಬಲಿ ಹಲಸಿನ ಜಾತಿ. ವಾಸನೆಗೇನು, ನಮ್ಮ ಹಲಸಿಗೂ ಪೇಟೆಯವರು ಮೂಗು ಮುಚ್ಕೋತಾರೆ" ಅಂತ ತೀರ್ಪು ಕೊಟ್ಟು ಇನ್ನೂ ನಾಲ್ಕು ತಿಂದರು.

ಮೂರನೇ ದಿನ: ಹೋಗಬೇಕಾದದ್ದು ಸಿಮುಂಜಾನಿಗೆ

ಬೆಳಿಗ್ಗೆ ಏಳಕ್ಕೆ ಕಾರಿನವನು ಬಂದ, ಬಾಗಿಲು ತೆಗೆಯುವ ಮುಂಚೆಯೇ "ಬಂಜಿರ್" ಅಂದ. ನೆರೆ ಅಂತ. ಸಿಮುಂಜಾನ್ ಕಡೆಯ ರಸ್ತೆ ನೀರಲ್ಲಿದೆ, ಹೋದರೆ ವಾಪಸು ಬರುವ ಖಾತ್ರಿ ಇಲ್ಲ. ಡಿಸೆಂಬರಿನಲ್ಲಿ ಬರುವವರು ಒಂದು ದಿನವನ್ನು ಕೈಯಲ್ಲಿ ಮಿಗಿಸಿಟ್ಟುಕೊಂಡಿರಬೇಕು. ನಾವು ಇಟ್ಟುಕೊಂಡಿರಲಿಲ್ಲ.

ನನಗೆ ಹೊಟ್ಟೆ ಉರಿಯಿತು. ವ್ಯಾಲೇಸ್ 1855ರಲ್ಲಿ ಒಂಬತ್ತು ತಿಂಗಳಷ್ಟು ಕಾಲ ಇದ್ದದ್ದು ಸಿಮುಂಜಾನಿನ ಕಲ್ಲಿದ್ದಲು ಗಣಿಯ ಹತ್ತಿರ. ಗಣಿಗಾಗಿ ಕಾಡು ಕಡಿದಿದ್ದರು, ಬಿದ್ದ ಮರಗಳ ತುಂಬ ದುಂಬಿಗಳು. ಹುಳ ತಂದುಕೊಟ್ಟ ಕೂಲಿಯವರಿಗೆ ಒಂದಕ್ಕೆ ಒಂದು ಸೆಂಟ್ ಕೊಡುತ್ತಿದ್ದ. ಒಂದೇ ದಿನ 76 ಬಗೆ, ಅದರಲ್ಲಿ 34 ಅವನಿಗೇ ಹೊಸವು. ಬೋರ್ನಿಯೋದಲ್ಲಿ ಹಿಡಿದ ಸುಮಾರು 2,000 ಬಗೆಯ ದುಂಬಿಗಳಲ್ಲಿ ನೂರರಷ್ಟು ಬಿಟ್ಟರೆ ಉಳಿದದ್ದೆಲ್ಲ ಒಂದು ಚದರ ಮೈಲಿ ಜಾಗದ್ದು. ಕಾಡು ಕಡಿದಿದ್ದರಿಂದಲೇ ಅಷ್ಟು ಸಿಕ್ಕಿತು ಅನ್ನುವುದನ್ನು ಅವನು ಮುಚ್ಚಿಟ್ಟಿಲ್ಲ.

ಹಾಗಾಗಿ ಕಾರನ್ನು ಸೆಮೆಂಗೊಗೆ ತಿರುಗಿಸಿದೆವು. ಅಲ್ಲಿ ಒರಾಂಗುಟಾನ್‌ಗಳ ಆಶ್ರಯತಾಣವಿದೆ. ಕಾಡಿನಲ್ಲಿ ಬಿಟ್ಟೇ ಸಾಕುತ್ತಾರೆ, ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಮೂರಕ್ಕೆ ಕಟ್ಟೆಯ ಮೇಲೆ ಹಣ್ಣು ಇಡುತ್ತಾರೆ. ಮನಸ್ಸಾದರೆ ಬರುತ್ತವೆ. ಕಾಡಿನಲ್ಲಿ ಹಣ್ಣಿನ ಕಾಲ ಶುರುವಾದರೆ ಮನಸ್ಸಾಗುವುದಿಲ್ಲ, ಡಿಸೆಂಬರ್, ಜನವರಿ ಅಂದರೆ ಅದೇ ಕಾಲ. ರಕ್ಷಕ ಬಾಳೆಹಣ್ಣಿನ ಬುಟ್ಟಿ ಇಟ್ಟು ಉದ್ದಕ್ಕೆ ಎಳೆದು ಕೂಗಿದ. ಎಂಬತ್ತು ಜನ ಉಸಿರು ಬಿಗಿ ಹಿಡಿದು ನಿಂತೆವು. ಹತ್ತೂವರೆವರೆಗೆ ಬಂದದ್ದು ಎರಡು ಅಳಿಲು. ಕೊನೆಗೆ ಹೊರಡುವಾಗ ದೂರದ ಮರದ ನೆತ್ತಿಯಲ್ಲಿ ಒಂದು ಕೊಂಬೆ ಗಾಳಿಯಿಲ್ಲದೆ ಬಾಗಿತು, ತೆಂಗಿನ ನಾರಿನ ಬಣ್ಣದ ಒಂದು ತೋಳು ಕಂಡು ಮಾಯವಾಯಿತು.

ಆ ತೋಳು ನೋಡಿ ನನಗೆ ನೆನಪಾದದ್ದು ವ್ಯಾಲೇಸನ ಮರಿ. ಹೇಳಿದರೆ ಭಾವನಿಗೆ ಬೇಜಾರಾಗುತ್ತದೆ ಅಂತ ಗೊತ್ತಿತ್ತು, ಆದರೂ ಹೇಳಿದೆ. ಸಿಮುಂಜಾನಿನಲ್ಲಿ ಅವನು ಒಂದರ ಹಿಂದೊಂದು ಒರಾಂಗುಟಾನ್‌ಗಳನ್ನು ಗುಂಡಿಟ್ಟು ಕೊಂದ. ಚರ್ಮ, ಅಸ್ಥಿಪಂಜರಗಳನ್ನು ಸಂಗ್ರಹಾಲಯಗಳು ಕೊಳ್ಳುತ್ತಿದ್ದವು, ಅವನ ಹೊಟ್ಟೆಪಾಡು ಅದೇ. ಒಂದು ದಿನ ಕೊಂದ ತಾಯಿಯ ಪಕ್ಕ, ಕೆಸರಿನಲ್ಲಿ ಮುಖ ಹುದುಗಿ ಬಿದ್ದಿತ್ತು ಒಂದಡಿ ಉದ್ದದ ಮರಿ. ಇನ್ನೂ ಹಲ್ಲು ಬಂದಿರಲಿಲ್ಲ. ಎತ್ತಿಕೊಂಡು ಬರುವಾಗ ಅವನ ಗಡ್ಡವನ್ನು ಬಿಡಿಸಲಾಗದಷ್ಟು ಬಿಗಿಯಾಗಿ ಹಿಡಿಯಿತು. ಹಾಲು ಸಿಗಲಿಲ್ಲ, ಗರಿಯ ಕೊಳವೆ ಸಿಕ್ಕಿಸಿದ ಸೀಸೆಯಲ್ಲಿ ಅಕ್ಕಿಗಂಜಿ ಕುಡಿಸಿದ. ತಾಯಿಯ ಮೈ ಹುಡುಕುತ್ತಿದೆ ಅಂತ ಎಮ್ಮೆ ಚರ್ಮವನ್ನು ಸುತ್ತಿ ಒಂದು ಕೃತಕ ತಾಯಿ ಮಾಡಿಕೊಟ್ಟ. ಮರಿ ಅದನ್ನು ಅಪ್ಪಿಕೊಂಡು ಹಾಲಿಗಾಗಿ ಚೀಪಿ, ಬಾಯಿ ತುಂಬ ಕೂದಲು ಸಿಕ್ಕಿ ಉಸಿರು ಕಟ್ಟುವ ಹಾಗಾಯಿತು. ಆ ತಾಯಿಯನ್ನು ಬಿಚ್ಚಬೇಕಾಯಿತು. ಮೂರು ತಿಂಗಳ ಹತ್ತಿರ ಬದುಕಿ, ಜ್ವರ ಬಂದು ಸತ್ತಿತು. ಅದರ ಚರ್ಮವನ್ನೂ ಎಲುಬನ್ನೂ ಅವನು ತೆಗೆದಿಟ್ಟ.

"ಅದನ್ನೂ ಮಾರಿದ್ನಾ?" ಅಂತ ಭಾವ ಕೇಳಿದರು. ನಾನು ಉತ್ತರ ಹೇಳುವ ಮುಂಚೆ "ಬೇಡ, ಹೇಳ್ಬೇಡ" ಅಂದರು.

ಮನಸ್ಸು ಸರಿಹೋದದ್ದು ಮಧ್ಯಾಹ್ನ, ಸೆರಿಯಾನ್ ರಸ್ತೆಯ ಪಕ್ಕ ಮೆಣಸಿನ ತೋಟ ಸಿಕ್ಕಾಗ. "ನಿಲ್ಸು, ನಿಲ್ಸು" ಅಂತ ಭಾವ ಕನ್ನಡದಲ್ಲೇ ಕೂಗಿದ್ದಕ್ಕೆ ಕಾರಿನವನು ಬ್ರೇಕ್ ಒತ್ತಿದ. ನಮ್ಮಲ್ಲಿ ಬಳ್ಳಿ ಅಡಿಕೆ ಮರಕ್ಕೋ ಹಾಲುವಾಣಕ್ಕೋ ಹಬ್ಬುತ್ತದೆ. ಇಲ್ಲಿ ಸತ್ತ ಕಂಬಕ್ಕೆ. ಬೆಲಿಯಾನ್ ಅನ್ನುವ ಕಬ್ಬಿಣದಂಥ ಮರದ ಕಂಬಗಳನ್ನು ಬಿಸಿಲಿಗೆ ಸಾಲಾಗಿ ನೆಟ್ಟು ಬಳ್ಳಿ ಹಬ್ಬಿಸಿದ್ದಾರೆ. ನೆರಳೇ ಇಲ್ಲ. ಭಾವ ಒಂದು ಕಂಬಕ್ಕೆ ಬೆರಳು ಗೆಣ್ಣಿನಿಂದ ಬಡಿದು ನೋಡಿದರು, ಎಲೆ ತಿರುಗಿಸಿ ನೋಡಿದರು, ಬುಡದ ಮಣ್ಣು ತೆಗೆದು ಮೂಸಿದರು. ತೋಟದ ಯಜಮಾನ್ತಿ ಕೊಡೆ ಹಿಡಿದು ಬಂದಳು. ಅವಳಿಗೆ ಕನ್ನಡ ಬರುವುದಿಲ್ಲ, ಭಾವನಿಗೆ ಮಲಯ್ ಬರುವುದಿಲ್ಲ. ಇಬ್ಬರೂ ಸೇರಿ ಸೊರಗುರೋಗದ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಹಳದಿ ತಿರುಗಿದ ಒಂದು ಎಲೆ ತೋರಿಸಿ ಅವಳು ತಲೆ ಅಲ್ಲಾಡಿಸಿದಳು, ಭಾವ ಹಣೆ ಚಚ್ಚಿಕೊಂಡು ತೋರಿಸಿದರು. ನೀರಲ್ಲಿ ನೆನೆಹಾಕಿ ಸಿಪ್ಪೆ ತೆಗೆದ ಬಿಳಿ ಮೆಣಸಿನ ಚೀಲ ತೆರೆದಾಗ "ಬೋಳಕಾಳು!" ಅಂತ ಉದ್ಗಾರ. ಅರ್ಧ ಕಿಲೋ ಕೊಂಡೆವು.

ನಾಲ್ಕನೇ ದಿನ: ಪೆನಿಂಜಾವ್

ಡಿಸೆಂಬರ್ 31. ಬಾವು ಪಟ್ಟಣದ ದಾರಿಯಲ್ಲಿ ಸಿನಿಯಾವಾನ್ ಅನ್ನುವ ಹಳೆ ಊರಿದೆ. ಎರಡು ಸಾಲು ಮರದ ಅಂಗಡಿಮನೆ, ಒಂದೇ ಬೀದಿ. ವಾರದ ಕೊನೆಯ ಸಂಜೆಗಳಲ್ಲಿ ಇಲ್ಲಿ ಕೆಂಪು ಲಾಟೀನು ಹಾಕಿ ರಾತ್ರಿಸಂತೆ ನಡೆಸುತ್ತಾರೆ, ಹಗಲು ಬೆಕ್ಕುಗಳೂ ನಿದ್ದೆ ಮಾಡುತ್ತಿರುತ್ತವೆ. ಅದರಾಚೆಗೆ ಸೆರಂಬು ಗುಡ್ಡ. ಅದರ ಮೇಲೆ ರಾಜ ಬ್ರೂಕ್ ತಂಪಿಗಾಗಿ ಕಟ್ಟಿಸಿಕೊಂಡ ಕುಟೀರವಿದ್ದ ಜಾಗವೇ ಪೆನಿಂಜಾವ್. ನಾನು ಬಂದದ್ದೇ ಇದಕ್ಕೆ.

ಬುಡದ ಹಳ್ಳಿ ಬಿದಾಯು ಅನ್ನುವ ಇಲ್ಲಿನ ಮೂಲನಿವಾಸಿ ಜನರದ್ದು. ದಾರಿ ತೋರಿಸೋದಕ್ಕೆ ಒಬ್ಬ ಹಿರಿಯರನ್ನು ಗೊತ್ತು ಮಾಡಿಕೊಂಡೆವು. ಗೊತ್ತಿರುವವರಿಲ್ಲದೆ ಹತ್ತಬೇಡಿ, ದಾರಿ ಕವಲೊಡೆಯುತ್ತದೆ. ಅವರು ನನ್ನ ದುಬಾರಿ ಚಾರಣದ ಬೂಟು ನೋಡಿದರು, ಏನೂ ಹೇಳಲಿಲ್ಲ. ಅವರ ಕಾಲಲ್ಲಿ ಕಪ್ಪು ರಬ್ಬರ್ ಬೂಟು. ಇಲ್ಲಿ ಅದನ್ನು ತಮಾಷೆಗೆ 'ಅಡಿಡಾಸ್ ಕಂಪೊಂಗ್' ಅನ್ನುತ್ತಾರೆ, ಹಳ್ಳಿ ಅಡಿಡಾಸ್ ಅಂತ. ಇಪ್ಪತ್ತು ನಿಮಿಷಕ್ಕೆ ನನ್ನ ಬಲಗಾಲಿನ ಅಟ್ಟೆ ಬಾಯಿ ಬಿಟ್ಟಿತು, ಇನ್ನು ಹತ್ತು ನಿಮಿಷಕ್ಕೆ ಪೂರ್ತಿ ಕಳಚಿ ಕೆಸರಿನಲ್ಲಿ ಉಳಿಯಿತು. ಭಾವ ಕಾಡುಬಳ್ಳಿ ಕಿತ್ತು, ಅಡಿಕೆ ಹೊರೆ ಕಟ್ಟುವ ಗಂಟು ಹಾಕಿ ಅಟ್ಟೆಯನ್ನು ಕಾಲಿಗೆ ಬಿಗಿದರು. ಅದು ಇಳಿದು ಬರುವವರೆಗೂ ಜಗ್ಗಲಿಲ್ಲ. ಸಿನಿಯಾವಾನಿನಲ್ಲೇ ಹದಿನೈದು ರಿಂಗಿಟ್‌ಗೆ ಆ ರಬ್ಬರ್ ಬೂಟು ಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಇಂಬಳಗಳ ಬಗ್ಗೆ ಹೇಳೋದಿಲ್ಲ. ನಮ್ಮವೇ, ಸ್ವಲ್ಪ ಅವಸರ ಜಾಸ್ತಿ. ಭಾವ ಡಬ್ಬಿಯಿಂದ ಸುಣ್ಣ ತೆಗೆದು ಮುಟ್ಟಿಸಿದ್ದು ನೋಡಿ ಹಿರಿಯರ ಕಣ್ಣು ಅರಳಿತು. "ಕಾಪುರ್!" ಅಂದರು. ತಮ್ಮ ಸೊಂಟದ ಚೀಲ ಬಿಚ್ಚಿದರೆ ಅದರಲ್ಲೂ ಸುಣ್ಣ, ವೀಳ್ಯದೆಲೆ, ಹೋಳು ಅಡಿಕೆ. ಅಡಿಕೆಗೆ ಅವರಲ್ಲಿ ಪಿನಾಂಗ್, ಎಲೆಗೆ ಸಿರಿಹ್. ಇಬ್ಬರೂ ಒಂದು ಬಂಡೆಯ ಮೇಲೆ ಕೂತು ಕವಳ ಹಾಕಿದರು, ನಾನು ಒಂಟಿ ಕಾಲಲ್ಲಿ ನಿಂತು ಬೂಟಿನ ಗಂಟು ಸರಿ ಮಾಡಿಕೊಂಡೆ. ಭಾವ ಅಗಿಯುತ್ತ, "ಹದ ಎಳೇದು. ಆದ್ರೆ ಅಡಿಕೆಯೇ" ಅಂತ ಒಪ್ಪಿಕೊಂಡರು.

ಕುಟೀರವಿದ್ದ ಜಾಗದಲ್ಲಿ ಈಗ ಜರಿಗಿಡ, ಪಾಚಿ, ಮಂಜು. ಸ್ವಲ್ಪ ಕೆಳಗೆ ಚಾಚಿದ ಬಂಡೆಯಡಿ ತಣ್ಣನೆಯ ಒರತೆ. ವ್ಯಾಲೇಸ್ ಇಂಥದೇ ಬಂಡೆಯಡಿಯ ನೀರಿನಲ್ಲಿ ಸ್ನಾನ ಮಾಡುತ್ತಿದ್ದ, ಹಳ್ಳಿಯವರು ಬುಟ್ಟಿ ತುಂಬ ಮ್ಯಾಂಗೊಸ್ಟಿನ್, ಲಾಂಗ್ಸಾಟ್ ಹಣ್ಣು ಹೊತ್ತು ತರುತ್ತಿದ್ದರು. ನಮಗೆ ಉಳಿದಿದ್ದದ್ದು ಅಕ್ಕನ ಚಕ್ಕುಲಿ, ಅದೂ ಮೆತ್ತಗಾಗಿತ್ತು.

ಇಲ್ಲೇ ಅವನ ಹುಳದ ಲೆಕ್ಕ ನಡೆದದ್ದು. 1855ರ ಡಿಸೆಂಬರಿನಿಂದ 1856ರ ಜನವರಿವರೆಗೆ 26 ರಾತ್ರಿ, ಒಟ್ಟು 1,386 ಪತಂಗ. ಅದರಲ್ಲಿ 800ಕ್ಕೂ ಹೆಚ್ಚು ಸಿಕ್ಕಿದ್ದು ಬರೀ ನಾಲ್ಕು ರಾತ್ರಿಗಳಲ್ಲಿ, ನಾಲ್ಕೂ ಜಡಿಮಳೆಯ ಕಗ್ಗತ್ತಲೆಯವು. ಬೆಳದಿಂಗಳಿದ್ದರೆ, ನಕ್ಷತ್ರ ಕಂಡರೆ ಬೆರಳೆಣಿಕೆಯಷ್ಟು. ಇದನ್ನು ಬಚ್ಚಲ ದೀಪದ ಕೆಳಗೆ ನಾನೂ ಕಂಡಿದ್ದೇನೆ, ಆದರೆ ಅಮಾವಾಸ್ಯೆ ಮಳೆಗೆ ನನಗೆ ಬಂದದ್ದು ಹೆಚ್ಚೆಂದರೆ ತೊಂಬತ್ತು. ಅವನ ಗುಟ್ಟು ಜಗಲಿಯಲ್ಲಿತ್ತು. ಕುಟೀರದ ಜಗಲಿಗೆ ಸುಣ್ಣ ಬಳಿದ ಹಲಗೆಗೋಡೆ, ತಗ್ಗಾದ ಹಲಗೆಯ ಒಳಮಾಡು. ದೀಪಕ್ಕೆ ಬಂದ ಪತಂಗ ಮೇಲಕ್ಕೆ ಹಾರಿ ತಪ್ಪಿಸಿಕೊಳ್ಳೋದಕ್ಕೆ ದಾರಿಯಿಲ್ಲ, ಗೋಡೆಯಲ್ಲೇ ಕೂರಬೇಕು. ಮುಂದೆ ಎಷ್ಟೋ ದ್ವೀಪ ತಿರುಗಿದರೂ ಅಂಥ ಜಗಲಿ ಸಿಗದೆ ಅವನಿಗೆ ಮತ್ತೆ ಹಾಗೆ ಪತಂಗ ಸಿಗಲಿಲ್ಲ. ಮುಂದಿನವರು ಬಿಳಿಬಟ್ಟೆಯಲ್ಲಿ ಜಗಲಿಯ ಆಕಾರದ್ದೇ ಗುಡಾರ ಹೊಲಿಸಿಕೊಂಡು ಹೋಗಿ ಅಂತ ಸಲಹೆ ಬರೆದಿಟ್ಟ.

ಈ ಬೆಟ್ಟಕ್ಕೆ ಅವನ ಜೊತೆ ಇಬ್ಬರು ಬಂದಿದ್ದರು. ಒಬ್ಬ ಚಾರ್ಲ್ಸ್, ಲಂಡನ್ನಿನಿಂದ ಕರೆತಂದ ಹುಡುಗ. ಅವನು ಹಕ್ಕಿಯ ಚರ್ಮಕ್ಕೆ ಹತ್ತಿ ತುಂಬಿದರೆ ತಲೆ ಒಂದು ಕಡೆ ವಾಲಿ, ಕತ್ತಿನಲ್ಲಿ ಗಂಟು ಎದ್ದು, ಪಾದ ಅಂಗಾತ ತಿರುಗಿರುತ್ತಿತ್ತು ಅಂತ ವ್ಯಾಲೇಸ್ ಮನೆಗೆ ಕಾಗದ ಬರೆದು ಗೋಳಾಡಿದ್ದಾನೆ. ಇನ್ನೊಬ್ಬ ಸರವಾಕಿನ ಮಲಯ್ ಹುಡುಗ, ಹೆಸರು ಅಲಿ. ಅಡುಗೆಗೆ ಸೇರಿದವನು ಬಂದೂಕು ಕಲಿತ, ಚರ್ಮ ಸುಲಿಯೋದು ಕಲಿತ, ದೋಣಿ ನಡೆಸಿದ, ಜ್ವರ ಬಂದಾಗ ಪಕ್ಕ ಕೂತ. 1862ರವರೆಗೂ, ನಡುವೆ ಸ್ವಲ್ಪ ಕಾಲ ಬಿಟ್ಟರೆ, ಜೊತೆಗೇ ಇದ್ದ. ವ್ಯಾಲೇಸ್ ಈ ಕಡೆಯ ದ್ವೀಪಗಳಲ್ಲಿ ತಿರುಗಿದ ಎಂಟು ವರ್ಷದಲ್ಲಿ ಒಟ್ಟು 1,25,660 ಮಾದರಿಗಳನ್ನು ಕೂಡಿಹಾಕಿದ, ಅದರಲ್ಲಿ ಹಕ್ಕಿಗಳು 8,050. ಆ ಹಕ್ಕಿಗಳಲ್ಲಿ ದೊಡ್ಡ ಪಾಲು ಅಲಿ ಹೊಡೆದು ತಂದದ್ದು. 1858ರ ಅಕ್ಟೋಬರಿನಲ್ಲಿ ಬಚಾನ್ ದ್ವೀಪದಲ್ಲಿ, ಎದೆಯಲ್ಲಿ ಹಸಿರು, ಭುಜಗಳಿಂದ ಬಿಳಿ ಬಾವುಟದಂಥ ಗರಿ ಹೊರಟ ಒಂದು ಹಕ್ಕಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಬಂದವನು ಅಲಿ. ಯಾರೂ ಕಂಡಿರದ ಸ್ವರ್ಗದ ಹಕ್ಕಿ. ಅದಕ್ಕಿಟ್ಟ ಹೆಸರು ವ್ಯಾಲೇಸನದು.

ಬೀಳ್ಕೊಡುವಾಗ ಸಿಂಗಪುರದಲ್ಲಿ ದುಡ್ಡು, ಎರಡು ಬಂದೂಕು, ಉಳಿದ ಸಾಮಾನು ಕೊಟ್ಟ, ಅಲಿಯದೊಂದು ಫೋಟೋ ತೆಗೆಸಿದ. ಕೋಟು ತೊಟ್ಟು ನೆಟ್ಟಗೆ ನೋಡುವ ಆ ಹುಡುಗನ ಚಿತ್ರ ನನ್ನ ಮೊಬೈಲಿನಲ್ಲಿತ್ತು, ಹಿರಿಯರಿಗೆ ತೋರಿಸಿದೆ. ಅವರು ಪರದೆಯ ಮೇಲಿನ ಮಳೆಹನಿ ಒರೆಸಿ ನೋಡಿ, ಯಾವ ಹಳ್ಳಿಯವನು ಅಂತ ಕೇಳಿದರು. ಅದನ್ನು ವ್ಯಾಲೇಸ್ ಬರೆದಿಲ್ಲ ಅಂದೆ. ಇನ್ನೊಂದು ಸಂಗತಿಯನ್ನೂ ಹೇಳಿದೆ. ಫೋಟೋ ತೆಗೆದು ನಲವತ್ತೈದು ವರ್ಷದ ಮೇಲೆ, 1907ರಲ್ಲಿ, ಬಾರ್ಬರ್ ಅನ್ನುವ ಅಮೆರಿಕದ ಪ್ರಾಣಿಶಾಸ್ತ್ರಜ್ಞನನ್ನು ತೆರ್ನಾತೆಯ ದಾರಿಯಲ್ಲಿ ಒಬ್ಬ ಮುದುಕ ತಡೆದು ನಿಲ್ಲಿಸಿದ. ತಾನು ಅಲಿ ವ್ಯಾಲೇಸ್ ಅಂತ ಹೇಳಿಕೊಂಡ.

ಹಿರಿಯರು ಎರಡು ಸಲ ಆ ಹೆಸರು ಹೇಳಿ ನೋಡಿಕೊಂಡರು.

ಆ ರಾತ್ರಿ ಹಳ್ಳಿಯ ಒಂದು ಮನೆಯಲ್ಲಿ ಉಳಿದೆವು. ಊಟಕ್ಕೆ ಬಿದಿರಿನ ಅಂಡೆಯಲ್ಲಿ ಬೇಯಿಸಿದ ಅನ್ನ, ಕುಂಬಳಕಾಯಿ, ಭಾವನ ಬೋಳಕಾಳು ಕುಟ್ಟಿ ಹಾಕಿದ ಸಾರು. ಮನೆಯವರಿಂದ ಬಿಳಿ ಹೊದಿಕೆ ಇಸಿದುಕೊಂಡು ಜಗಲಿಗೆ ಕಟ್ಟಿ ನನ್ನ ದೀಪ ತೂಗುಹಾಕಿದೆ. ಒಂಬತ್ತಕ್ಕೆ ಮಳೆ ಶುರುವಾಯಿತು, ಹತ್ತಕ್ಕೆ ಜೋರಾಯಿತು. ಗಾಳಿಗೆ ಎರಚಲು ಬರುತ್ತಿತ್ತು. ಭಾವ ದೀಪದ ಮೇಲೆ ಕೊಡೆ ಹಿಡಿದು ನಿಂತರು, ನಾನು ಬಟ್ಟೆಗೆ ಮೂಗು ತಾಗಿಸಿ ಎಣಿಸಿದೆ. ಒಣಗಿದ ಎಲೆಯ ಹಾಗಿರುವುದು, ಹಕ್ಕಿಹಿಕ್ಕೆಯ ಹಾಗಿರುವುದು, ಗಾಜಿನಂಥ ರೆಕ್ಕೆಯದು. ದೂರದಲ್ಲಿ ಬಾವು ಕಡೆಯಿಂದ ಹೊಸವರ್ಷದ ಪಟಾಕಿ ಮಳೆಯೊಳಗಿಂದ ಮಂಕಾಗಿ ಕೇಳಿಸಿತು. ಪೆನ್ನು ಒದ್ದೆಯಾಗಿ ಬರೆಯಲಿಲ್ಲ, ಪೆನ್ಸಿಲಿನಲ್ಲಿ ಬರೆದೆ. ಹನ್ನೆರಡೂವರೆಗೆ 143. ನನ್ನ ಜೀವಮಾನದ ದಾಖಲೆ. ಐದು ನಿಮಿಷ ಬೆನ್ನು ನೀಡುತ್ತೇನೆ ಅಂತ ಗೋಡೆಗೆ ಒರಗಿದವನಿಗೆ ಎಚ್ಚರಾದದ್ದು ಕೋಳಿ ಕೂಗಿದಾಗ. ದೀಪ ಆರಿಸಿತ್ತು, ಹೊದಿಕೆ ಮಡಿಸಿಟ್ಟಿತ್ತು, ಭಾವ ಒಲೆಯ ಹತ್ತಿರ ಮನೆಯವರ ಜೊತೆ ಕವಳದ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು.

ನೋಟ್‌ಬುಕ್ ತೆಗೆದದ್ದು ವಾಪಸು ಬರುವ ವಿಮಾನದಲ್ಲಿ. ನನ್ನ 143ರ ಕೆಳಗೆ, ತೋಟದ ಕೂಲಿಲೆಕ್ಕ ಬರೆಯುವ ಅದೇ ದುಂಡು ಅಕ್ಷರದಲ್ಲಿ ಇನ್ನೆರಡು ಸಾಲು ಇದ್ದವು.

'ರಾತ್ರಿ 3 ಗಂಟೆ. ಮಳೆ ಜೋರು. ತೆಳುಹಸಿರು, ಅಂಗೈ ಅಗಲ, ಉದ್ದ ಬಾಲ ಎರಡು. ಅರ್ಧ ಗಂಟೆ ಕೂತಿತ್ತು. ನೀನು ಒಳ್ಳೆ ನಿದ್ದೆಯಲ್ಲಿದ್ದೆ, ಎಬ್ಬಿಸಲಿಲ್ಲ.'

ಪಕ್ಕದ ಸೀಟಿಗೆ ತಿರುಗಿದೆ. ಭಾವ ಚಕ್ಕುಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು. 143ನ್ನು ಹೊಡೆದು 144 ಮಾಡಿದೆ, ಪಕ್ಕದಲ್ಲಿ ಅವರ ಹೆಸರು ಬರೆದೆ.